ಸರಕು, ರಹದಾರಿ, ರಸೀದಿ: ಮಲೆನಾಡಿನ ಲಾರಿಯ ಕಾಗದಗಳನ್ನು ಬಿಡಿಸಿ ನೋಡಿದರೆ

ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ‘ಸರಕು’ ಎಂದರೆ ಅಡಿಕೆಯ ಒಂದು ದರ್ಜೆ. ಗೊರಬಲು, ರಾಶಿ ಇಡಿ, ಬೆಟ್ಟೆ, ಸರಕು ಎಂದು ದಿನವೂ ದರಪಟ್ಟಿ ಓದುವವರಿಗೆ ಅದು ಎಲ್ಲಕ್ಕಿಂತ ಹೆಚ್ಚು ಬೆಲೆ ಬಾಳುವ ಮಾಲು. ಅದೇ ಮಾರುಕಟ್ಟೆಯ ಗೇಟಿನಾಚೆ ಲಾರಿ ಏರಿದ ಕೂಡಲೇ ಗೊರಬಲೂ ಸರಕೇ, ಶುಂಠಿಯೂ ಸರಕೇ, ಜಂಬಿಟ್ಟಿಗೆ ಕಲ್ಲೂ ಸರಕೇ. ಅಡಿಕೆಯನ್ನು ಅಂಗೈಯಲ್ಲಿ ಹಿಡಿದು ದರ್ಜೆ ಹೇಳಬಲ್ಲ ನಮ್ಮ ಜನ, ಅದನ್ನು ಸಾಗಿಸುವ ಮಾತು ಬಂದಾಗ ಮಾತ್ರ ಎಲ್ಲ ಕಾಗದಕ್ಕೂ ಒಂದೇ ಹೆಸರು ಹೇಳುತ್ತಾರೆ: ಲೈಸೆನ್ಸ್. ‘ಗಾಡಿಗೆ ಲೈಸೆನ್ಸ್ ಇದೆಯೇ?’ ಎಂದು ಕೇಳುತ್ತಾರೆ, ‘ಎಲ್ಲ ಇದೆ’ ಎಂಬ ಉತ್ತರ ಬರುತ್ತದೆ, ಚೀಲ ಏರುತ್ತದೆ. ಏನೂ ಕೆಡದಿದ್ದರೆ ಈ ಪ್ರಶ್ನೋತ್ತರವೇ ಸಾಕು. ಕೆಟ್ಟ ದಿನ ಮಾತ್ರ ‘ಎಲ್ಲ’ ಎಂಬ ಪದದೊಳಗೆ ಏನೇನಿತ್ತು, ಏನಿರಲಿಲ್ಲ ಎಂಬುದು ಬಯಲಾಗುತ್ತದೆ.

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ ಶೇ. 21.17ಕ್ಕೆ ಏರಿಸಿದಾಗ ಲಾರಿ ಮಾಲೀಕರು ಮುಷ್ಕರ ಹೂಡಿದರು. ಡೀಸೆಲ್, ಟೋಲ್, ಗಡಿ ತಪಾಸಣಾ ಠಾಣೆಗಳ ಕಿರುಕುಳ ಎಲ್ಲವೂ ಆಗ ಚರ್ಚೆಗೆ ಬಂದವು. ಬರಬೇಕಾದದ್ದೇ. ಆದರೆ ಒಂದೇ ಗಾಡಿಯ ಮಾಲೀಕ ಮತ್ತು ಹತ್ತು ಚೀಲದ ಬೆಳೆಗಾರ ಕೈಸುಟ್ಟುಕೊಳ್ಳುವುದು ಡೀಸೆಲ್ ದರದಿಂದ ಮಾತ್ರವಲ್ಲ, ತಾವು ಸಹಿ ಹಾಕಿದ ಅಥವಾ ಹಾಕಿಸಿಕೊಳ್ಳದೆ ಬಿಟ್ಟ ಕಾಗದದಿಂದಲೂ ಹೌದು. ಅದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಈ ಲೇಖನ ಆ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ಪ್ರಯತ್ನ.

ಮೊದಲು ಒಂದು ಗೆರೆ ಎಳೆದುಕೊಳ್ಳೋಣ. ಚಾಲನಾ ಪರವಾನಗಿ, ಅಂದರೆ ಡಿಎಲ್, ಮನುಷ್ಯನಿಗೆ ಸಂಬಂಧಿಸಿದ್ದು. ಆರ್‌ಸಿ ಎಂಬ ನೋಂದಣಿ ಪತ್ರ, ಎಫ್‌ಸಿ ಎಂಬ ಅರ್ಹತಾ ಪತ್ರ, ಪರ್ಮಿಟ್, ವಿಮೆ ವಾಹನಕ್ಕೆ ಸಂಬಂಧಿಸಿದವು. ಸಾಗಣೆದಾರನಾಗಿ ನೋಂದಣಿ ಎಂಬುದು ವ್ಯವಹಾರಕ್ಕೆ ಸಂಬಂಧಿಸಿದ್ದು. ಎಲ್‌ಆರ್ ಎಂಬ ಲಾರಿ ರಸೀದಿ ಮತ್ತು ಜಿಎಸ್‌ಟಿಗಾಗಿ ಆನ್‌ಲೈನಿನಲ್ಲಿ ಮಾಡಿಸುವ ಸಾಗಣೆ ಚೀಟಿಯಾದ ಇ–ವೇ ಬಿಲ್ ಆ ಒಂದು ಲೋಡಿಗೆ ಸಂಬಂಧಿಸಿದವು. ಇವುಗಳಲ್ಲಿ ಒಂದು ಇದ್ದ ಮಾತ್ರಕ್ಕೆ ಇನ್ನೊಂದರ ಕೊರತೆ ತುಂಬುವುದಿಲ್ಲ. ಸಾರಿಗೆ ಇಲಾಖೆಯ ಹಳೆಯ ಕನ್ನಡದಲ್ಲಿ ಪರ್ಮಿಟ್‌ಗೆ ‘ರಹದಾರಿ’ ಎಂಬ ಸೊಗಸಾದ ಪದವಿದೆ. ದಾರಿಯಲ್ಲಿ ಹೋಗಲು ಕೊಟ್ಟ ಅಪ್ಪಣೆ ಎಂಬುದು ಆ ಪದದಲ್ಲೇ ಕೇಳಿಸುತ್ತದೆ. ಆ ಪದ ಬಳಕೆಯಲ್ಲಿ ಉಳಿದಿದ್ದರೆ ಚಾಲಕನ ಲೈಸೆನ್ಸನ್ನೂ ಗಾಡಿಯ ಪರ್ಮಿಟ್ಟನ್ನೂ ಒಂದೇ ಎಂದುಕೊಳ್ಳುವ ತಪ್ಪು ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು ಎಂದು ನನಗೆ ಅನಿಸುತ್ತದೆ.

ಎಲ್ಲ ಲೆಕ್ಕವೂ ತೂಕದಿಂದ

1988ರ ಮೋಟಾರು ವಾಹನ ಕಾಯ್ದೆ ಸರಕು ವಾಹನಗಳನ್ನು ವಿಂಗಡಿಸುವುದು ಚಕ್ರದ ಲೆಕ್ಕದಲ್ಲಲ್ಲ, ‘ಒಟ್ಟು ವಾಹನ ತೂಕ’ದ ಲೆಕ್ಕದಲ್ಲಿ. ಆರ್‌ಸಿಯಲ್ಲಿ ಜಿವಿಡಬ್ಲ್ಯು ಎಂದು ಬರೆದಿರುವುದು ಇದನ್ನೇ. ಗಾಡಿಯ ತೂಕ ಮತ್ತು ಅದು ಹೊರಬಹುದಾದ ಗರಿಷ್ಠ ಹೊರೆ ಎರಡನ್ನೂ ಕೂಡಿಸಿ, ನೋಂದಣಿ ಪ್ರಾಧಿಕಾರ ಒಪ್ಪಿದ ಅಂಕಿ ಅದು. ಖಾಲಿ ಗಾಡಿಯ ತೂಕ ಬೇರೆ, ಹೊರೆ ಬೇರೆ. ‘ನನ್ನದು ಹತ್ತು ಟನ್ನಿನ ಗಾಡಿ’ ಎಂದು ಒಬ್ಬ ಹೇಳಿದಾಗ ಅವನು ಹೊರೆಯ ಮಾತಾಡುತ್ತಿದ್ದಾನೋ ಒಟ್ಟು ತೂಕದ ಮಾತಾಡುತ್ತಿದ್ದಾನೋ ಎಂಬುದನ್ನು ಕೇಳಿಯೇ ತಿಳಿಯಬೇಕು. ಬಾಡಿಗೆ ಕುದುರಿಸುವಾಗ ನಡೆಯುವ ಜಗಳಗಳಲ್ಲಿ ಎಷ್ಟೋ ಈ ಒಂದು ಅಸ್ಪಷ್ಟತೆಯಿಂದ ಹುಟ್ಟುತ್ತವೆ.

ಒಟ್ಟು ತೂಕ 7,500 ಕೆ.ಜಿ. ಮೀರದಿದ್ದರೆ ಹಗುರ ವಾಹನ. 12,000 ಕೆ.ಜಿ. ಮೀರಿದರೆ ಭಾರಿ ಸರಕು ವಾಹನ. ನಡುವಿನದು ಮಧ್ಯಮ. ಇವುಗಳ ಜೊತೆಗೆ ನೆನಪಿಡಬೇಕಾದ ಇನ್ನೊಂದು ಅಂಕಿ 3,000. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಕಾಯ್ದೆಯ 66ನೇ ಕಲಂ ಪ್ರಕಾರ ರಹದಾರಿಯೇ ಬೇಕಿಲ್ಲ. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ನಮ್ಮ ಕಿರಿದಾದ ಊರ ರಸ್ತೆಗಳನ್ನು ಇಷ್ಟು ಬೇಗ ಆವರಿಸಿಕೊಂಡದ್ದರ ಹಿಂದೆ ಅದರ ಗಾತ್ರದಷ್ಟೇ ಈ ವಿನಾಯಿತಿಯೂ ಇದೆ. ಪಿಕಪ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಕೆಲವು ಮಾದರಿಗಳು ಈ ಗೆರೆಯ ಒಳಗಿವೆ, ಕೆಲವು ಆಚೆಗಿವೆ. ನೋಡಲು ಅಣ್ಣತಮ್ಮಂದಿರಂತಿರುವ ಎರಡು ಗಾಡಿಗಳಲ್ಲಿ ಒಂದಕ್ಕೆ ರಹದಾರಿ ಬೇಕು, ಇನ್ನೊಂದಕ್ಕೆ ಬೇಡ. ರಹದಾರಿ ಬೇಕಾದ ಗಾಡಿ ಅದಿಲ್ಲದೆ ಓಡಿದರೆ ಕಾಯ್ದೆ ಹೇಳುವ ದಂಡ 10,000 ರೂಪಾಯಿ.

ರಹದಾರಿ ಬೇಕಿಲ್ಲ ಎಂದರೆ ಹಳದಿ ಬೋರ್ಡೂ ಬೇಕಿಲ್ಲ ಎಂದರ್ಥವಲ್ಲ. ಕಾಯ್ದೆಯ ವ್ಯಾಖ್ಯೆಯಲ್ಲಿ ‘ಸರಕು ವಾಹನ’ ಎಂದರೆ ಸರಕಿಗೆಂದೇ ಕಟ್ಟಿದ ಗಾಡಿ ಮಾತ್ರವಲ್ಲ. ಹಾಗೆ ಕಟ್ಟಿರದಿದ್ದರೂ ಸರಕು ಸಾಗಿಸಲು ಬಳಸಿದಾಗ ಆ ಗಾಡಿಯೂ ಸರಕು ವಾಹನವೇ. ಬಿಳಿ ಬೋರ್ಡಿನ ಹಳೆಯ ಜೀಪಿನಲ್ಲಿ ನೆರೆಮನೆಯ ಅಡಿಕೆ ಚೀಲ ಹೇರಿ ಬಾಡಿಗೆ ಪಡೆದರೆ, ಅಪಘಾತವಾದ ದಿನ ವಿಮಾ ಕಂಪನಿ ಮೊದಲು ಬೊಟ್ಟು ಮಾಡುವುದು ಆ ಬಾಡಿಗೆಯ ಕಡೆಗೆ.

ಚಾಲಕನ ಕಾಗದದ ವಿಷಯದಲ್ಲಿ ಈಚಿನ ದೊಡ್ಡ ಬದಲಾವಣೆ ಬಂದದ್ದು 2024ರ ನವೆಂಬರ್ 6ರಂದು. ಕಾರು ಓಡಿಸುವ ಹಗುರ ವಾಹನದ ಡಿಎಲ್ ಇದ್ದವನು ಹಳದಿ ಬೋರ್ಡಿನ ಪಿಕಪ್ ಓಡಿಸಬಹುದೇ, ಅಥವಾ ಸಾರಿಗೆ ವಾಹನವೆಂದು ಬೇರೆ ನಮೂದು ಬೇಕೇ ಎಂಬ ಪ್ರಶ್ನೆ ವರ್ಷಗಟ್ಟಲೆ ನ್ಯಾಯಾಲಯಗಳನ್ನು ಕಾಡಿತ್ತು. ‘ಚಾಲಕನಿಗೆ ಸರಿಯಾದ ಲೈಸೆನ್ಸ್ ಇರಲಿಲ್ಲ’ ಎಂಬ ಒಂದೇ ವಾಕ್ಯದಿಂದ ವಿಮಾ ಕಂಪನಿಗಳು ಪರಿಹಾರದ ಹೊಣೆಯಿಂದ ನುಣುಚಿಕೊಳ್ಳಲು ನೋಡುತ್ತಿದ್ದವು. 2017ರಲ್ಲಿ ಮುಕುಂದ ದೇವಾಂಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಬೇರೆ ನಮೂದು ಬೇಡ ಎಂದಿದ್ದರು. ಅದನ್ನು ಮತ್ತೆ ಪ್ರಶ್ನಿಸಲಾಯಿತು. ಕೊನೆಗೆ ರಂಭಾ ದೇವಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದೇ ನಿಲುವನ್ನು ಎತ್ತಿಹಿಡಿಯಿತು: ಒಟ್ಟು ತೂಕ 7,500 ಕೆ.ಜಿ. ಒಳಗಿದ್ದರೆ ಹಗುರ ವಾಹನದ ಡಿಎಲ್ ಸಾಕು.

ಹೊಸನಗರದ ಹಳ್ಳಿಯೊಂದರಿಂದ ಹಾಲಿನ ಕ್ಯಾನು, ಬಾಳೆಗೊನೆ, ಗೊಬ್ಬರದ ಚೀಲ ಹೊತ್ತು ದಿನಕ್ಕೆ ನಾಲ್ಕು ಟ್ರಿಪ್ ಹೊಡೆಯುವ ಹುಡುಗನಿಗೆ ಈ ತೀರ್ಪು ಎಷ್ಟು ದೊಡ್ಡದು ಎಂಬುದನ್ನು ನಾವು ಇನ್ನೂ ಸರಿಯಾಗಿ ಅವನಿಗೆ ತಲುಪಿಸಿಲ್ಲ. ಆದರೆ ಮಿತಿಯೂ ಅಷ್ಟೇ ಸ್ಪಷ್ಟವಾಗಿದೆ. 7,500 ದಾಟಿದ ಕ್ಷಣ ಈ ರಕ್ಷಣೆ ಮುಗಿಯುತ್ತದೆ. ಆ ಗೆರೆ ದಾಟಿದ ಲಾರಿಗೆ ಸಾರಿಗೆ ವಾಹನದ ಡಿಎಲ್ ಬೇಕೇ ಬೇಕು. ಅದನ್ನು ಪಡೆಯಲು ಹಗುರ ವಾಹನದ ಡಿಎಲ್ ಕನಿಷ್ಠ ಒಂದು ವರ್ಷ ಹಳೆಯದಾಗಿರಬೇಕು, ವಯಸ್ಸು 20 ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಅದರ ಅವಧಿ ಐದು ವರ್ಷ. ಗ್ಯಾಸ್ ಸಿಲಿಂಡರ್, ಪೆಟ್ರೋಲ್‌ನಂಥ ಅಪಾಯಕಾರಿ ಸರಕು ಹೊರುವವರಿಗೆ ಪ್ರತ್ಯೇಕ ತರಬೇತಿ ಬೇಕು, ಅವಧಿಯೂ ಮೂರೇ ವರ್ಷ.

ಎಫ್‌ಸಿ, ಅಂದರೆ ವಾಹನದ ಅರ್ಹತಾ ಪತ್ರ, ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಶಿವಮೊಗ್ಗದ ಕೆಎ–14 ಆಗಲಿ ಸಾಗರದ ಕೆಎ–15 ಆಗಲಿ, ನಮ್ಮ ಘಾಟಿಗಳಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುವ ಗಾಡಿಗಳಿಗೆ ಇದು ಬರೀ ಮೊಹರಲ್ಲ. ಎಫ್‌ಸಿ ಮುಗಿದ ಗಾಡಿಯನ್ನು ಕಾಯ್ದೆ ನೋಂದಣಿಯೇ ಇಲ್ಲದ ಗಾಡಿಯಂತೆ ಕಾಣುತ್ತದೆ.

ಹೆಚ್ಚು ಹೊರೆಯ ಹೊಣೆ ಯಾರದು

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್, ಅಂದರೆ ಚಕ್ರದ ಅಚ್ಚು, ಹೊರಬಹುದಾದ ತೂಕದ ಮಿತಿಯನ್ನು ಏರಿಸಿತು. ಎರಡು ಆಕ್ಸಲ್‌ನ ಆರು ಚಕ್ರದ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5 ಟನ್ನಿಗೆ ಏರಿತು, ಮೂರು ಆಕ್ಸಲ್‌ನ ಹತ್ತು ಚಕ್ರದ್ದು 25ರಿಂದ 28.5ಕ್ಕೆ. ಅದಾಗಿ ಮರುವರ್ಷವೇ ದಂಡವೂ ಏರಿತು: ಮಿತಿ ಮೀರಿದರೆ 20,000 ರೂಪಾಯಿ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ, ಹೆಚ್ಚಿನ ಹೊರೆಯನ್ನು ಇಳಿಸುವ ಖರ್ಚು ಬೇರೆ. 28.5 ಟನ್ನಿನ ಗಾಡಿ ವೇಬ್ರಿಜ್ ಎಂಬ ತೂಕದ ಕಟ್ಟೆಯ ಮೇಲೆ 31.5 ತೋರಿಸಿದರೆ ದಂಡ 26,000 ರೂಪಾಯಿ. ತೂಕ ಮಾಡಿಸಲು ಒಪ್ಪದೆ ಓಡಿಸಿಕೊಂಡು ಹೋದರೆ 40,000.

ನನ್ನ ತಕರಾರು ದಂಡದ ಮೊತ್ತದ ಬಗ್ಗೆ ಅಲ್ಲ. ಮಲೆನಾಡಿನ ರಸ್ತೆಗಳು ಮಳೆಗಾಲದಲ್ಲಿ ಹೇಗೆ ಕುಸಿಯುತ್ತವೆ ಎಂಬುದನ್ನು ಕಂಡವರಾರೂ ಹೆಚ್ಚು ಹೊರೆಯ ಪರ ನಿಲ್ಲಲಾರರು. ಆದರೆ ಕಾಯ್ದೆಯ 194ನೇ ಕಲಂನ ಮೊದಲ ಪದಗಳನ್ನು ಗಮನಿಸಬೇಕು. ವಾಹನ ‘ಓಡಿಸುವವನು’ ಮಾತ್ರವಲ್ಲ, ಹಾಗೆ ‘ಓಡುವಂತೆ ಮಾಡಿದವನು’, ‘ಓಡಲು ಬಿಟ್ಟವನು’ ಕೂಡ ಹೊಣೆಗಾರ ಎನ್ನುತ್ತದೆ ಅದು. ಕಲ್ಲಿನ ಕ್ವಾರಿಯಲ್ಲಿ, ಮರದ ಡಿಪೋದಲ್ಲಿ, ಗೋದಾಮಿನಲ್ಲಿ ‘ಇನ್ನೆರಡು ಟನ್ ಹಾಕು, ಇಲ್ಲದಿದ್ದರೆ ಈ ಬಾಡಿಗೆ ಬೇರೆಯವನಿಗೆ’ ಎನ್ನುವವನೂ ಕಾನೂನಿನ ದೃಷ್ಟಿಯಲ್ಲಿ ಆ ಸಾಲಿನಲ್ಲಿ ನಿಲ್ಲಬೇಕಾದವನು. ರಸ್ತೆಯಲ್ಲಿ ನಿಲ್ಲುವುದು ಮಾತ್ರ ಚಾಲಕ. ಚೀಟಿ ಅವನ ಕೈಗೆ ಬರುತ್ತದೆ, ಹಣ ಹಲವು ಸಲ ಅವನ ಬಾಟಾದಿಂದಲೇ, ಅಂದರೆ ದಿನಭತ್ಯೆಯಿಂದಲೇ, ಮುರಿಯುತ್ತದೆ. ಹೊರೆ ಹೇರಿಸಿದವನ ಹೆಸರು ಎಲ್ಲಿಯೂ ಬರುವುದಿಲ್ಲ. ಕಾನೂನಿನಲ್ಲಿ ಮೂವರಿಗೆ ಬರೆದ ಹೊಣೆ ಒಬ್ಬನ ತಲೆಯ ಮೇಲೆ ಇಳಿಯುವುದು ಅನ್ಯಾಯ. ಲೋಡ್ ಮಾಡುವ ಸ್ಥಳದ ತೂಕದ ಚೀಟಿಯನ್ನು ಪ್ರತಿ ಲಾರಿಯ ಕಾಗದಗಳ ಜೊತೆ ಕಡ್ಡಾಯವಾಗಿ ಕೇಳಿದರೆ, ಅದರಲ್ಲಿ ಲೋಡ್ ಮಾಡಿಸಿದವನ ಹೆಸರಿದ್ದರೆ, ಈ ಅನ್ಯಾಯ ಬಹುಮಟ್ಟಿಗೆ ತಗ್ಗುತ್ತದೆ.

ಹೊರರಾಜ್ಯಕ್ಕೆ ಹೋಗುವ ಲಾರಿಗೆ ನ್ಯಾಷನಲ್ ಪರ್ಮಿಟ್ ಬೇಕು. ವರ್ಷಕ್ಕೆ 16,500 ರೂಪಾಯಿಯ ಒಂದೇ ಶುಲ್ಕಕ್ಕೆ ದೇಶವೆಲ್ಲ ತೆರೆಯುತ್ತದೆ. ಒಂದು ಕಟ್ಟು ಮಾತ್ರ ಉಳಿಯುತ್ತದೆ: ತನ್ನ ರಾಜ್ಯದ ಹೊರಗೆ, ಒಂದೇ ರಾಜ್ಯದೊಳಗಿನ ಎರಡು ಊರುಗಳ ನಡುವೆ ಅದು ಬಾಡಿಗೆ ಹೊಡೆಯುವಂತಿಲ್ಲ. ಶಿವಮೊಗ್ಗದ ಅಡಿಕೆಯನ್ನು ನಾಗಪುರದಲ್ಲಿ ಇಳಿಸಿದ ಲಾರಿ ಅಲ್ಲಿಂದ ಕರ್ನಾಟಕಕ್ಕೆ ಮಾಲು ತರಬಹುದು. ನಾಗಪುರದಿಂದ ಪುಣೆಗೆ ಒಯ್ಯುವಂತಿಲ್ಲ. ಬಾಡಿಗೆಯ ದರದಲ್ಲಿ ‘ರಿಟರ್ನ್ ಲೋಡ್’ ಎಂಬ ಪದಕ್ಕೆ ಇಷ್ಟು ತೂಕ ಬಂದಿರುವುದಕ್ಕೆ ಇದೂ ಒಂದು ಕಾರಣ. ವಾಪಸು ಮಾಲು ಸಿಗದ ಊರಿಗೆ ಹೋಗುವ ಲಾರಿ, ಖಾಲಿ ಬರುವ ದಾರಿಯ ಡೀಸೆಲನ್ನೂ ಹೋಗುವಾಗಲೇ ವಸೂಲು ಮಾಡುತ್ತದೆ.

ಎಲ್‌ಆರ್ ಎಂಬ ತೆಳು ಕಾಗದ

ಈಗ ಹೇಳುವುದು ನಮ್ಮ ಮನೆಯಲ್ಲೇ ನಡೆದ ಸಂಗತಿ. ಕೆಲವು ವರ್ಷಗಳ ಹಿಂದೆ, ಆಷಾಢದ ಮಳೆಯಲ್ಲಿ, ಐವತ್ತು ಕೆ.ಜಿ.ಯ ಆರು ಚೀಲ ಕಾಳುಮೆಣಸನ್ನು ಬೆಂಗಳೂರಿನ ವ್ಯಾಪಾರಿಗೆ ಪಾರ್ಟ್ ಲೋಡಿನಲ್ಲಿ ಕಳುಹಿಸಿದೆವು. ಪಾರ್ಟ್ ಲೋಡ್ ಎಂದರೆ ಇಡೀ ಲಾರಿ ನಮ್ಮದಲ್ಲ, ಹತ್ತು ಜನರ ಮಾಲಿನ ಜೊತೆ ನಮ್ಮದೂ ಒಂದು ಮೂಲೆಯಲ್ಲಿ. ಬಾಡಿಗೆ 900 ರೂಪಾಯಿ. ಬುಕಿಂಗ್ ಕಚೇರಿಯಲ್ಲಿ ಒಂದು ಗುಲಾಬಿ ಬಣ್ಣದ ರಸೀದಿ ಕೊಟ್ಟರು. ಅದರಲ್ಲಿ ‘ಮಾಲಿನ ಮೌಲ್ಯ’ ಎಂಬ ಜಾಗ ಖಾಲಿ ಇತ್ತು. ಗುಮಾಸ್ತ ಕೇಳಲಿಲ್ಲ, ನಾವು ಬರೆಸಲಿಲ್ಲ. ಟಾರ್ಪಾಲು ಹರಿದಿತ್ತೋ ಸರಿಯಾಗಿ ಕಟ್ಟಿರಲಿಲ್ಲವೋ, ಎರಡು ಚೀಲ ನೆನೆದು, ತೆರೆಯುವಷ್ಟರಲ್ಲಿ ಬೂಷ್ಟು ಹಿಡಿದಿತ್ತು. ವ್ಯಾಪಾರಿ ಆ ಎರಡು ಚೀಲವನ್ನು ಒಪ್ಪಲಿಲ್ಲ. ಐವತ್ತು ಸಾವಿರ ರೂಪಾಯಿಯ ಮಾಲು.

ಎಲ್‌ಆರ್ ಎಂದರೆ ಲಾರಿ ರಸೀದಿ. ಉತ್ತರದ ಕಡೆ ಇದನ್ನೇ ಬಿಲ್ಟಿ ಎನ್ನುತ್ತಾರೆ. ಇದು ಬಾಡಿಗೆ ಕೊಟ್ಟದ್ದಕ್ಕೆ ಚೀಟಿ ಎಂದು ನಾವು ತಿಳಿದಿದ್ದೆವು. ನಿಜಕ್ಕೂ ಅದು ಒಂದು ಒಪ್ಪಂದ. 1865ರ ಬ್ರಿಟಿಷರ ಕಾಲದ ಸಾಗಣೆದಾರರ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಎಲ್ಲರ ಮಾಲನ್ನೂ ಭೇದವಿಲ್ಲದೆ ಬಾಡಿಗೆಗೆ ಸಾಗಿಸುವ, ಸಂಗ್ರಹಿಸುವ, ಹಂಚುವ ಪ್ರತಿಯೊಬ್ಬರೂ ‘ಸಾಮಾನ್ಯ ಸಾಗಣೆದಾರ’ರು. ಬುಕಿಂಗ್ ಕಚೇರಿ, ಗುತ್ತಿಗೆದಾರ, ಏಜೆಂಟ್, ಬ್ರೋಕರ್, ಕೊರಿಯರ್ ಎಲ್ಲರೂ ಇದರಲ್ಲಿ ಸೇರಿದ್ದಾರೆ. ಇವರು ನೋಂದಣಿ ಮಾಡಿಸಿಕೊಳ್ಳಲೇಬೇಕು, ಅದರ ಅವಧಿ ಹತ್ತು ವರ್ಷ. ಲಾರಿಯ ಪರ್ಮಿಟ್ ಸರಿಯಿದ್ದ ಮಾತ್ರಕ್ಕೆ ಆ ಕಚೇರಿ ನೋಂದಾಯಿತ ಎಂದಾಗುವುದಿಲ್ಲ. ಮಾಲು ಕೊಡುವ ಮೊದಲು ರಸೀದಿಯ ಮೇಲೆ ನೋಂದಣಿ ಸಂಖ್ಯೆ ಹುಡುಕುವ ಅಭ್ಯಾಸ ನಮ್ಮಲ್ಲಿ ಇಲ್ಲ, ಬೆಳೆಸಿಕೊಳ್ಳಬೇಕು.

ಕಾಯ್ದೆಯಲ್ಲಿ ಎರಡು ಕಾಗದಗಳಿವೆ. ಒಂದನ್ನು ಕಳುಹಿಸುವವನು ಬರೆದುಕೊಡಬೇಕು: ಏನು ಮಾಲು, ಎಷ್ಟು, ಮೌಲ್ಯ ಎಷ್ಟು. ಇನ್ನೊಂದು ಸಾಗಣೆದಾರ ಕೊಡಬೇಕಾದ ರಸೀದಿ. ಅದು ಮೂರು ಪ್ರತಿಗಳಲ್ಲಿರಬೇಕು, ಮೂಲ ಪ್ರತಿ ಕಳುಹಿಸಿದವನ ಕೈ ಸೇರಬೇಕು. ಮೊದಲ ಕಾಗದವನ್ನು ನಮ್ಮ ಸಣ್ಣ ಬೆಳೆಗಾರರಲ್ಲಿ ಬಹುಪಾಲು ಜನ ಕಂಡೇ ಇರುವುದಿಲ್ಲ. ಆದರೆ ಎಲ್ಲವೂ ನಿಂತಿರುವುದು ಅದರ ಮೇಲೆ. ಏಕೆಂದರೆ ಮಾಲು ಹಾಳಾದರೆ ಸಾಗಣೆದಾರನ ಹೊಣೆಗೆ ಮಿತಿಯಿದೆ: ಬಾಡಿಗೆಯ ಹತ್ತು ಪಟ್ಟು, ಅದೂ ಘೋಷಿಸಿದ ಮೌಲ್ಯವನ್ನು ಮೀರದಂತೆ. ನಮ್ಮ 900 ರೂಪಾಯಿಯ ಬಾಡಿಗೆಗೆ ಹತ್ತು ಪಟ್ಟು ಎಂದರೆ 9,000. ಇದಕ್ಕಿಂತ ಹೆಚ್ಚು ರಕ್ಷಣೆ ಬೇಕಿದ್ದರೆ ಬುಕ್ ಮಾಡುವಾಗಲೇ ಹೆಚ್ಚಿನ ಅಪಾಯದ ದರ ಕೊಟ್ಟು ಬರೆಸಿಕೊಳ್ಳಬೇಕು. ಸಾಗಣೆದಾರ ಬೇರೆ, ಸರಕಿನ ವಿಮೆ ಬೇರೆ. ವಿಮೆ ಬೇಕಿದ್ದರೆ ಮಾಲಿನ ಮಾಲೀಕನೇ ಮಾಡಿಸಬೇಕು. ಲಾರಿಗೆ ಕಡ್ಡಾಯವಾಗಿರುವ ಥರ್ಡ್ ಪಾರ್ಟಿ ವಿಮೆ ಒಳಗಿನ ಮೆಣಸಿಗೆ ಒಂದು ಪೈಸೆ ಕೊಡುವುದಿಲ್ಲ. ‘ಲಾರಿಗೆ ಇನ್ಶೂರೆನ್ಸ್ ಇದೆ’ ಎಂಬ ಮಾತು ಕೇಳಿ ನೆಮ್ಮದಿಯಾಗಿ ಮನೆಗೆ ಹೋದವರಲ್ಲಿ ನಾವೂ ಇದ್ದೆವು.

ರಸೀದಿಯ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಷರತ್ತುಗಳಿದ್ದವು. ಮುಂಬದಿಯಲ್ಲಿ ‘ಓನರ್ಸ್ ರಿಸ್ಕ್’ ಎಂಬ ರಬ್ಬರ್ ಮೊಹರು. ಮಾಲೀಕನ ಹೊಣೆ ಎಂಬ ಆ ಮೊಹರನ್ನು ತೋರಿಸಿ, ‘ನಮ್ಮ ಜವಾಬ್ದಾರಿ ಇಲ್ಲ’ ಎಂದು ಕೈ ಝಾಡಿಸಿದರು. ಆ ಮೊಹರಿಗೆ ಅಷ್ಟು ಶಕ್ತಿ ಇಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಸಾಗಣೆದಾರನ ಅಥವಾ ಅವನ ಆಳುಗಳ ನಿರ್ಲಕ್ಷ್ಯದಿಂದ ಮಾಲು ಕೆಟ್ಟರೆ ಅವನು ಹೊಣೆಗಾರ. ನಿರ್ಲಕ್ಷ್ಯ ನಡೆಯಿತು ಎಂದು ರುಜುವಾತು ಮಾಡುವ ಭಾರವನ್ನು ಕಾಯ್ದೆ ಮಾಲಿನ ಮಾಲೀಕನ ಮೇಲೆ ಹೊರಿಸಿಲ್ಲ. ಆದರೆ ಒಂದು ಬಾಗಿಲನ್ನು ಮಾತ್ರ ಅದು ಬಿಗಿಯಾಗಿ ಹಾಕಿದೆ. ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ದಾವೆ ಹೂಡುವಂತಿಲ್ಲ. ಅಪ್ಪ ಆ ಆರು ತಿಂಗಳು ಫೋನ್ ಮಾಡುತ್ತಲೇ ಇದ್ದರು. ‘ಮುಂದಿನ ವಾರ ನೋಡೋಣ’ ಎಂಬ ಉತ್ತರ ಬರುತ್ತಲೇ ಇತ್ತು. ಫೋನಿನ ಮಾತು ನೋಟಿಸ್ ಆಗುವುದಿಲ್ಲ. ನಾವು ವಕೀಲರ ಬಳಿಗೆ ಹೋಗುವ ಹೊತ್ತಿಗೆ ಅಡಿಕೆ ಕೊಯ್ಲೂ ಮುಗಿದು ಇನ್ನೂರು ದಿನ ಕಳೆದಿತ್ತು.

ಅಂದಿನಿಂದ ನಾನು ಕೇಳುತ್ತಿರುವುದು ಒಂದೇ. ಕರ್ನಾಟಕದೊಳಗೆ ಬುಕ್ ಆಗುವ ಪ್ರತಿ ಎಲ್‌ಆರ್‌ನ ಷರತ್ತುಗಳು ಕನ್ನಡದಲ್ಲಿರಬೇಕು, ಓದುವಷ್ಟು ದೊಡ್ಡ ಅಕ್ಷರದಲ್ಲಿರಬೇಕು, ಹತ್ತು ಪಟ್ಟಿನ ಮಿತಿ ಮತ್ತು 180 ದಿನ ಎಂಬ ಎರಡು ಅಂಕಿಗಳು ಮುಂಬದಿಯಲ್ಲೇ ಇರಬೇಕು. ಅಡಿಕೆ ಸಹಕಾರ ಸಂಘಗಳು ಮನಸ್ಸು ಮಾಡಿದರೆ ಇದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಅಷ್ಟು ದೊಡ್ಡ ಪ್ರಮಾಣದಲ್ಲಿ ಮಾಲು ಕಳುಹಿಸುವವರು ತಮ್ಮ ಸಾಗಣೆದಾರರ ಮುಂದೆ ಈ ಷರತ್ತು ಇಟ್ಟರೆ ಒಪ್ಪದವರು ಯಾರು?

ರಸೀದಿಯ ಇನ್ನುಳಿದ ಪದಗಳು ಸುಲಭ. ‘ಪೇಯ್ಡ್’ ಎಂದರೆ ಬಾಡಿಗೆ ಕಳುಹಿಸುವವನೇ ಕೊಟ್ಟಾಗಿದೆ. ‘ಟು ಪೇ’ ಎಂದರೆ ಪಡೆಯುವವನು ಕೊಡಬೇಕು. ‘ಗೋಡೌನ್ ಡೆಲಿವರಿ’ ಎಂದಿದ್ದರೆ ಮಾಲು ಮನೆಬಾಗಿಲಿಗೆ ಬರುವುದಿಲ್ಲ, ನಾವೇ ಹೋಗಿ ಬಿಡಿಸಿಕೊಳ್ಳಬೇಕು. ಹಮಾಲಿ ಬಾಡಿಗೆಯಲ್ಲಿ ಸೇರಿದೆಯೇ ಇಲ್ಲವೇ ಎಂಬುದನ್ನು ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.

ಎರಡು ಚೀಲಕ್ಕೂ ಇ–ವೇ ಬಿಲ್

50,000 ರೂಪಾಯಿ ಮೀರಿದ ತೆರಿಗೆಯುಳ್ಳ ಮಾಲು ಸಾಗಿಸಲು ಇ–ವೇ ಬಿಲ್ ಬೇಕು. ಅಂತರರಾಜ್ಯ ಸಾಗಣೆಗೆ ಇದು 2018ರ ಏಪ್ರಿಲ್ 1ರಂದು ಜಾರಿಗೆ ಬಂದಾಗ, ಅದೇ ದಿನದಿಂದ ರಾಜ್ಯದೊಳಗಿನ ಸಾಗಣೆಗೂ ಅದನ್ನು ಅನ್ವಯಿಸಿದ ಮೊದಲ ರಾಜ್ಯ ಕರ್ನಾಟಕ. ಬೇರೆ ಸರಕಿನಲ್ಲಿ ಐವತ್ತು ಸಾವಿರ ಎಂದರೆ ಗಾಡಿ ತುಂಬ. ಅಡಿಕೆಯಲ್ಲಿ ಹಾಗಲ್ಲ. ಕ್ವಿಂಟಲಿಗೆ 50,000 ರೂಪಾಯಿ ದರ ಇದೆ ಎಂದು ಹಿಡಿದರೆ, ಎಪ್ಪತ್ತು ಕೆ.ಜಿ.ಯ ಒಂದು ಚೀಲ 35,000. ಎರಡನೆಯ ಚೀಲ ಇಟ್ಟ ಕೂಡಲೇ ಗೆರೆ ದಾಟಿತು.

ಹಸಿ ಅಡಿಕೆಗೆ ಜಿಎಸ್‌ಟಿ ಇಲ್ಲ, ಒಣ ಅಡಿಕೆಗೆ ಶೇ. 5 ಇದೆ. ಹಾಗಾಗಿ ಕೊನೆ, ಅಂದರೆ ಅಡಿಕೆ ಗೊಂಚಲು, ಕೊಯ್ದು ಹಸಿಯಾಗಿಯೇ ಚೇಣಿದಾರನ, ಅಂದರೆ ಫಸಲನ್ನು ಗುತ್ತಿಗೆಗೆ ಹಿಡಿದವನ, ಸುಲಿಯುವ ಮನೆಗೆ ಹೋಗುವ ಗಾಡಿಗೆ ಒಂದು ನಿಯಮ, ಅದೇ ಅಡಿಕೆ ಬೆಂದು ಒಣಗಿ ಮಂಡಿಗೆ ಹೊರಟಾಗ ಇನ್ನೊಂದು. ಬೆಳೆಗಾರ ತನ್ನ ಸ್ವಂತ ಬೆಳೆಯನ್ನು ಮಾರುವ ಮಟ್ಟಿಗೆ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವನು ತನ್ನ ಮಾಲನ್ನು ಹರಾಜಿಗೆ ಒಯ್ಯುವಾಗ ಇ–ವೇ ಬಿಲ್ ಅವನ ಇಚ್ಛೆಗೆ ಬಿಟ್ಟದ್ದು. ಆದರೆ ಕೊಳ್ಳುವ ನೋಂದಾಯಿತ ವ್ಯಾಪಾರಿ ಯಾರೆಂದು ಮೊದಲೇ ಗೊತ್ತಿದ್ದು ಮಾಲು ಅವನಿಗೇ ಹೊರಟಿದ್ದರೆ, ಸಾಗಣೆ ಆ ವ್ಯಾಪಾರಿ ಮಾಡಿಸಿದ್ದು ಎಂದೇ ನಿಯಮ ಭಾವಿಸುತ್ತದೆ; ಬಿಲ್ ಮಾಡಬೇಕಾದವನೂ ಅವನೇ. ದಾರಿಯಲ್ಲಿ ತಡೆದಾಗ ಈ ವ್ಯತ್ಯಾಸವನ್ನು ವಿವರಿಸುವ ಪಾಡು ಚಾಲಕನದು. ಆ ಕಾರಣಕ್ಕೆ ಪಹಣಿಯ ಪ್ರತಿ, ಸಂಘದ ಪಾಸ್‌ಪುಸ್ತಕದ ಪ್ರತಿ ಅವನ ಕೈಯಲ್ಲಿರಲಿ. ಮರ, ನಾಟಾ ಸಾಗಿಸುವವರಿಗೆ ಅರಣ್ಯ ಇಲಾಖೆಯ ಸಾಗಣೆ ಪರವಾನಗಿ ಎಂಬ ಮತ್ತೊಂದು ಕಾಗದವಿದೆ. ಅದು ಬೇರೆಯೇ ಒಂದು ಲೇಖನಕ್ಕಾಗುವಷ್ಟು ದೊಡ್ಡ ವಿಷಯ.

ಗಾಡಿಯ ಹಿಂದೆ ನಿಂತವರು

ಇದನ್ನು ಬರೆಯದೆ ಮುಂದೆ ಹೋಗಲಾರೆ. ಕೊನೆ ಕೊಯ್ಲಿನ ದಿನಗಳಲ್ಲಿ, ನಾಟಿಯ ದಿನಗಳಲ್ಲಿ, ಬೆಳಗ್ಗೆ ಏಳರ ಮಂಜಿನಲ್ಲಿ, ಸರಕು ಗಾಡಿಯ ಹಿಂದೆ ಹದಿನೈದು ಇಪ್ಪತ್ತು ಜನ ಹೆಂಗಸರು ಗಂಡಸರು ನಿಂತು ಹೋಗುವುದನ್ನು ನಾವೆಲ್ಲ ದಿನವೂ ನೋಡುತ್ತೇವೆ. ಮದುವೆಯ ದಿಬ್ಬಣಗಳೂ ಹಾಗೆಯೇ ಹೋಗುತ್ತವೆ. ಸರಕು ವಾಹನದ ವಿಮೆ ಇವರಿಗೆ ಅನ್ವಯಿಸುವುದಿಲ್ಲ. 1994ರ ತಿದ್ದುಪಡಿಯ ನಂತರ ಸರಕಿನ ಮಾಲೀಕ ಅಥವಾ ಅವನು ನೇಮಿಸಿದ ಪ್ರತಿನಿಧಿ ಮಾಲಿನ ಜೊತೆ ಪ್ರಯಾಣಿಸಿದರೆ ಅವರಿಗೆ ರಕ್ಷಣೆ ಉಂಟು. ಹಾಗಲ್ಲದೆ ಸುಮ್ಮನೆ ಏರಿದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಅಂದರೆ ತಿರುವಿನಲ್ಲಿ ಗಾಡಿ ಮಗುಚಿದರೆ, ಸತ್ತ ಕೂಲಿಯವಳ ಮಕ್ಕಳಿಗೆ ಕೊಡಬೇಕಾದ ಪರಿಹಾರ ಗಾಡಿಯ ಮಾಲೀಕನ ಮೇಲೆ ಬೀಳುತ್ತದೆ; ಅವನ ಬಳಿ ಇರುವ ಆಸ್ತಿ ಆ ಗಾಡಿಯೊಂದೇ, ಅದರ ಮೇಲೂ ಸಾಲ. ತೀರ್ಪು ಕೈಯಲ್ಲಿದ್ದರೂ ಹಣ ಬರುವುದಿಲ್ಲ. ಬೆಳಗಿನ ಹೊತ್ತಿಗೆ ಬಸ್ಸಿಲ್ಲದ ಊರುಗಳಲ್ಲಿ ಇವರು ಬೇರೆ ಹೇಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡದೆ ಗಾಡಿಯವನಿಗೆ ದಂಡ ಹಾಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ತೋಟದ ಮಾಲೀಕರು ಪ್ರಯಾಣಿಕ ಪರ್ಮಿಟ್ ಇರುವ ವ್ಯಾನನ್ನು ಹಂಗಾಮಿಗೆ ಗೊತ್ತು ಮಾಡಿಕೊಳ್ಳುವುದು ದುಬಾರಿ ನಿಜ, ಆದರೆ ಹತ್ತು ಮನೆಯವರು ಸೇರಿದರೆ ಅಸಾಧ್ಯವಲ್ಲ.

ದಾರಿಗೂ ಒಂದು ಅಪ್ಪಣೆ

ಬಯಲುಸೀಮೆಯ ಲಾರಿಯವನಿಗೆ ಇಲ್ಲದ ಒಂದು ಕಾಗದ ಮಲೆನಾಡಿನವನಿಗಿದೆ: ಜಿಲ್ಲಾಧಿಕಾರಿಯ ಆದೇಶ. ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಯಾವುದೇ ರಸ್ತೆಯಲ್ಲಿ ಯಾವುದೇ ಬಗೆಯ ವಾಹನವನ್ನು ನಿರ್ಬಂಧಿಸುವ ಅಧಿಕಾರ ಕೊಡುತ್ತದೆ. ಹದಿನಾಲ್ಕು ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿಯಲ್ಲಿ ಮಳೆಗಾಲದ ನಿರ್ಬಂಧ ನಮಗೆ ಹೊಸದಲ್ಲ. ಹುಲಿಕಲ್ ಘಾಟಿಯಲ್ಲೂ ಗುಡ್ಡ ಜರಿದು ದಾರಿ ಮುಚ್ಚಿದ ಮಳೆಗಾಲಗಳಿವೆ. ಸಾಗಣೆದಾರನಿಗೆ ಆಗ ಎರಡು ಲೆಕ್ಕ ಏರುಪೇರಾಗುತ್ತವೆ. ಒಂದು, ಸುತ್ತುಬಳಸಿನ ದಾರಿಯ ಡೀಸೆಲ್; ಬಾಡಿಗೆ ಮಾತಾಡುವಾಗ ‘ಘಾಟಿ ಮುಚ್ಚಿದರೆ ಹೆಚ್ಚುವರಿ ಯಾರದು’ ಎಂಬುದನ್ನು ಬರೆದುಕೊಳ್ಳದಿದ್ದರೆ ಅದು ಗಾಡಿಯವನ ಕೈಯಿಂದಲೇ ಹೋಗುತ್ತದೆ. ಎರಡು, ಇ–ವೇ ಬಿಲ್ಲಿನ ಅವಧಿ. 2021ರ ಜನವರಿಯಿಂದ 200 ಕಿ.ಮೀ.ಗೆ ಒಂದು ದಿನ ಎಂಬ ಲೆಕ್ಕವಿದೆ. ಘಾಟಿಯ ಬುಡದಲ್ಲಿ ಒಂದು ರಾತ್ರಿ ಕಾದರೆ ಅದು ಮುಗಿದುಹೋಗಬಹುದು. ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯ ತನಕ ಅದನ್ನು ವಿಸ್ತರಿಸಿಕೊಳ್ಳುವ ಅವಕಾಶವಿದೆ, ನೈಸರ್ಗಿಕ ವಿಪತ್ತು ಅದಕ್ಕೆ ಒಪ್ಪಿತ ಕಾರಣ. ಮೊಬೈಲ್ ಸಿಗ್ನಲ್ ಇಲ್ಲದ ತಿರುವಿನಲ್ಲಿ ಸಿಕ್ಕಿಬಿದ್ದ ಚಾಲಕನಿಗೆ ಈ ಹದಿನಾರು ಗಂಟೆ ದೊಡ್ಡ ಅವಧಿಯಲ್ಲ. ಆದ್ದರಿಂದ ವಿಸ್ತರಣೆಯ ಕೆಲಸ ಕಚೇರಿಯಲ್ಲಿ ಕುಳಿತವರು ವಹಿಸಿಕೊಳ್ಳಬೇಕು.

ಇಲ್ಲಿಯೂ ಪದದ ಪ್ರಶ್ನೆ ಬರುತ್ತದೆ. ಆದೇಶದಲ್ಲಿ ‘ಭಾರಿ ವಾಹನ’ ಎಂದಷ್ಟೇ ಇದ್ದರೆ ಕಾಯ್ದೆಯ ಪ್ರಕಾರ ಅದು 12,000 ಕೆ.ಜಿ. ಮೀರಿದ್ದು. ತಪಾಸಣೆಗೆ ನಿಂತ ಸಿಬ್ಬಂದಿಗೆ ಕಾಣುವುದು ಗಾಡಿಯ ಗಾತ್ರ, ಆರ್‌ಸಿಯ ಅಂಕಿಯಲ್ಲ. ಹನ್ನೊಂದು ಟನ್ನಿನ ಮಧ್ಯಮ ಗಾಡಿ ತೀರ್ಥಹಳ್ಳಿ ದಾಟಿ ಘಾಟಿಯ ಬಾಯಿಯ ತನಕ ಬಂದು ವಾಪಸಾಗಬೇಕಾದೀತು. ನಿರ್ಬಂಧ ಮೀರಿದ ಎಂದಾದರೆ ಹೆಚ್ಚು ಹೊರೆಗೆ ಹಾಕುವ ಅದೇ 194ನೇ ಕಲಂ ಅವನ ಮೇಲೂ ಬೀಳುತ್ತದೆ. ಆದೇಶದಲ್ಲಿ ಒಟ್ಟು ವಾಹನ ತೂಕವನ್ನು ಅಂಕಿಯಲ್ಲಿ ಬರೆದು, ಅದರ ಫಲಕವನ್ನು ಘಾಟಿಯ ಬಾಯಿಯಲ್ಲಲ್ಲದೆ ಬೇರೆ ದಾರಿ ಹಿಡಿಯಲು ಇನ್ನೂ ಅವಕಾಶವಿರುವ ತೀರ್ಥಹಳ್ಳಿ, ಹೊಸನಗರದ ವೃತ್ತಗಳಲ್ಲೇ ನಿಲ್ಲಿಸಬೇಕು.

ಶರಾವತಿ ಹಿನ್ನೀರಿನ ಆಚೆಯ ತುಮರಿ ಸೀಮೆಯಲ್ಲಿ 2025ರ ಜುಲೈ 14ರ ತನಕ ಸಾಗಣೆಯ ಲೆಕ್ಕವೇ ಬೇರೆಯಿತ್ತು. ಅಲ್ಲಿಯ ಅಡಿಕೆ, ಗೊಬ್ಬರ, ಸಿಮೆಂಟು ಲಾಂಚಿನ ಸರದಿಗೆ ಕಾಯಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನಗಳನ್ನು ಹತ್ತಿಸುವುದೂ ನಿಲ್ಲುತ್ತಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ ತೆರೆದ ಮೇಲೆ ಆ ಕಾಯುವಿಕೆ ತಪ್ಪಿತು. ಹೊಳೆಯಾಚೆಯ ಮನೆಯಂಗಳಕ್ಕೆ ಈಗ ಲಾರಿ ನೇರವಾಗಿ ಬರುತ್ತದೆ, ಬುಕಿಂಗ್ ಏಜೆಂಟರೂ ಬರುತ್ತಾರೆ. ಮೊದಲ ಸಲ ಎಲ್‌ಆರ್ ಪಡೆಯುವ ಅಲ್ಲಿನ ಬೆಳೆಗಾರರಿಗೆ ನಾನು ಹೇಳುವುದಿಷ್ಟೇ: ಮೌಲ್ಯದ ಜಾಗವನ್ನು ಖಾಲಿ ಬಿಡಬೇಡಿ, ಮಾಲು ಕೆಟ್ಟರೆ ಫೋನ್ ಮಾಡಿದ ದಿನವೇ ಪತ್ರವನ್ನೂ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ.